ಹಿಂದಿನಿಂದ ಬರುವ ಬೆಳಕು



ಈ ಅಂಕಣದಲ್ಲಿ ಶಾಸ್ತ್ರವಿಚಾರವನ್ನೋ ಪರ್ವಕಾಲದ ಆಚರಣೆಗಳನ್ನೋ ನಿರೀಕ್ಷಿಸುವ ಓದುಗರು ಈ ತಿಂಗಳು ನಮ್ಮನ್ನು ಕ್ಷಮಿಸಬೇಕು. ನಾವು ಬರೆಯಹೊರಟಿರುವುದು ಒಂದು ಹಳೆಯ ಟೀವಿಯನ್ನು ಕುರಿತು. ವ್ಯಾಕರಣ, ತರ್ಕಗಳನ್ನು ಓದಿದವರಿಗೆ ಟೀವಿಯ ರಿಪೇರಿಯೊಡನೆ ಏನು ಸಂಬಂಧವೆಂದು ಕೇಳುವವರು ಇರಬಹುದು. ಸಂಬಂಧವಿತ್ತು. ಆ ಟೀವಿಯ ದೆಸೆಯಿಂದ ನಾವು ಒಂದು ತಪ್ಪು ಮಾತನ್ನು ಆಡಿದ್ದೆವು. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

2019ರ ಕಾರ್ತಿಕ ಮಾಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಒಂದೊಂದು ವಾರದಂತೆ ನಮ್ಮ ಪ್ರವಚನ ಗೊತ್ತಾಗಿತ್ತು. ಆಗ ಈ ಐದೂ ಊರುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು; ಹರಪನಹಳ್ಳಿಯಂತೂ ದಾವಣಗೆರೆಯಿಂದ ಹಿಂದಿನ ವರ್ಷವಷ್ಟೇ ತವರಿಗೆ ಮರಳಿತ್ತು. ವಿಜಯನಗರ ಜಿಲ್ಲೆ ಉದಯಿಸಿದ್ದು 2021ರಲ್ಲಿ. ಕೂಡ್ಲಿಗಿಯಲ್ಲಿ ನಾವು ಬಿಡಾರ ಮಾಡಿದ್ದು ಹೆದ್ದಾರಿಗೆ ಸಮೀಪದ ಒಂದು ಭಕ್ತರ ಮನೆಯಲ್ಲಿ. ಆ ಮನೆಯ ಹಿರಿಯರು ಶೇಂಗಾ ವ್ಯಾಪಾರ ಮಾಡುತ್ತಿದ್ದವರು; ಕೊಟ್ಟೂರಿನ ಮಾರುಕಟ್ಟೆಗೆ ವಾರಕ್ಕೆ ಎರಡು ಬಾರಿ ಹೋಗಿಬರುತ್ತಿದ್ದವರು. 2012ರಲ್ಲಿ ಲಿಂಗೈಕ್ಯರಾದರು. ಅವರ ಧರ್ಮಪತ್ನಿ, ಎಂಬತ್ತು ದಾಟಿದ ತಾಯಿ, ಮಗ, ಸೊಸೆಯರೊಡನೆ ಇದ್ದರು. ಮೊಮ್ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ.

ಪಡಸಾಲೆಯ ಮೂಲೆಯಲ್ಲಿ ಆ ಟೀವಿ ಕುಳಿತಿತ್ತು. ಕುಳಿತಿತ್ತೆಂದು ಹೇಳುವುದೇ ಸರಿ. ಗೋಡೆಗೆ ತೂಗುಹಾಕುವ ಈಗಿನ ಹಲಗೆಗಳಂತೆ ಅದು ಇರಲಿಲ್ಲ. ಒಂದು ಬೀರುವಿನಷ್ಟು ದಪ್ಪ, ನಾಲ್ಕು ಜನ ಹಿಡಿಯದೆ ಕದಲದಷ್ಟು ಭಾರ. ತೆರೆಯ ಅಳತೆ 43 ಅಂಗುಲ. ಹಿರಿಯರು 2002ರಲ್ಲಿ ಬೆಂಗಳೂರಿನಿಂದ ಲಾರಿಯಲ್ಲಿ ತರಿಸಿದ್ದರು. ಅದು ಬಂದ ಹೊಸತರಲ್ಲಿ ಓಣಿಯ ಅರ್ಧ ಜನ ಸಂಜೆಗೆ ಆ ಪಡಸಾಲೆಯಲ್ಲೇ ಇರುತ್ತಿದ್ದರೆಂದು ಸೊಸೆ ಹೇಳಿದರು. ಜನರಿಗೆ ಚಹಾ ಕಾಯಿಸಿ ಕೈ ಸೋತದ್ದನ್ನೂ ಹೇಳಿದರು.

ನಾವು ಅಲ್ಲಿದ್ದ ಎರಡನೆಯ ದಿನ ಆ ತಾಯಿ ಟೀವಿಯ ಮುಂದೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದರು. ಯಾವುದೋ ವಾಹಿನಿಯಲ್ಲಿ ಪ್ರವಚನ ಬರುತ್ತಿತ್ತು. ನೋಡುವುದಿಲ್ಲವೇ ತಾಯಿ ಎಂದು ಕೇಳಿದೆವು.

“ಕೇಳತೀನ್ರಿ ಸ್ವಾಮ್ಯೋರೆ. ನೋಡಾಕ ಏನೂ ಕಾಣಂಗಿಲ್ಲ. ಎಲ್ಲಾ ಮುಸ್ಸಂಜಿ ಆದಂಗ ಐತಿ. ಕಣ್ಣು ಹೋದುವು ಬಿಡ್ರಿ, ವಯಸ್ಸಾತು.”

ಇಲ್ಲಿ ನಾವು ಮಾಡಬೇಕಾಗಿದ್ದುದು ಇಷ್ಟೇ: ತಿರುಗಿ ಒಮ್ಮೆ ಆ ತೆರೆಯನ್ನು ನಾವೇ ನೋಡುವುದು. ನಾವು ಹಾಗೆ ಮಾಡಲಿಲ್ಲ. ನಲವತ್ತು ವರ್ಷ ಪ್ರವಚನ ಹೇಳಿದ ನಾಲಿಗೆಗೆ ಒಂದು ಚಟ ಅಂಟಿರುತ್ತದೆ. ಹೊರಗಣ್ಣು ಮಂದವಾದಷ್ಟೂ ಒಳಗಣ್ಣು ತೆರೆಯುವುದೆಂದೂ, ಲೋಕದ ನೋಟ ಮಸುಕಾಗುವುದು ಶಿವನು ಮಾಡುವ ಉಪಕಾರವೆಂದೂ ಹೇಳಿದೆವು. ಆ ತಾಯಿ ಕೈಮುಗಿದು ಹೌದೆಂದರು. ಎದ್ದು ಹೋಗುವಾಗ ತಮ್ಮಷ್ಟಕ್ಕೆ ತಾವು ಒಂದು ಮಾತು ಆಡಿದರು. ಅದು ನಮ್ಮ ಕಿವಿಗೆ ಬಿತ್ತು: “ಅವರೂ ಕಾಣಂಗಿಲ್ಲದಂಗ ಆತು.”

ಅವರು ಎಂದರೆ ಯಾರೆಂದು ರಾತ್ರಿ ಊಟದ ಹೊತ್ತಿಗೆ ಮಗನಿಂದ ತಿಳಿಯಿತು. ಕೊಟ್ಟೂರು ಗುರುಬಸವೇಶ್ವರರ ತೇರಿನ ಒಂದು ಸೀಡಿ ಆ ಮನೆಯಲ್ಲಿತ್ತು, 2008ರದು. ಮಾಘದ ಆ ತೇರಿಗೆ ಹಿರಿಯರು ತಪ್ಪದೆ ಹೋಗುತ್ತಿದ್ದರು. ಆ ಸೀಡಿಯಲ್ಲಿ ತೇರು ಕದಲುವ ಹೊತ್ತಿಗೆ ಜನಜಂಗುಳಿಯ ನಡುವಿನಿಂದ ಅವರು ಉತ್ತತ್ತಿ ಬಾಳೆಹಣ್ಣು ಎಸೆಯುವುದು ಕಾಣಿಸುತ್ತದೆ. ಕೆಲವೇ ಕ್ಷಣ. ಮಂಡಿನೋವಿನಿಂದ ತಾಯಿ ಕೊಟ್ಟೂರಿಗೆ ಹೋಗುವುದು ನಿಂತಮೇಲೆ, ಪ್ರತಿ ಸೋಮವಾರ ಪೂಜೆ ಮುಗಿಸಿ ಆ ಸೀಡಿಯನ್ನು ಹಾಕಿಸಿಕೊಂಡು ನೋಡುತ್ತಿದ್ದರು. ಒಂದು ವರ್ಷದಿಂದ ಕೇಳುವುದನ್ನೇ ಬಿಟ್ಟಿದ್ದರು. ಏಕೆಂದು ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ. 2017ರ ತೇರಿನಂದು ಕೊಟ್ಟೂರಿನಲ್ಲಿ ರಥ ಉರುಳಿಬಿದ್ದ ಸುದ್ದಿ ನಾಡಿಗೆಲ್ಲ ತಿಳಿದದ್ದೇ. ಆ ದುಃಖಕ್ಕೆ ನೋಡುವುದನ್ನು ಬಿಟ್ಟಿರಬೇಕೆಂದು ಮಗ ತಿಳಿದಿದ್ದರಂತೆ.

ನಮಗೆ ಆ ರಾತ್ರಿ ನಿದ್ರೆ ಚೆನ್ನಾಗಿ ಬರಲಿಲ್ಲ.

ಮರುದಿನ ಶನಿವಾರ. ಮೊಮ್ಮಗ ದಾವಣಗೆರೆಯಿಂದ ಬಂದ. ಅವನೇ ಮೊದಲು ಹೇಳಿದ್ದು: “ಅಜ್ಜಿ ಕಣ್ಣಿಗೇನಾಗೈತೋ ಗೊತ್ತಿಲ್ಲ, ಆದ್ರ ಟೀವಿಗಂತೂ ಆಗೈತಿ.” ಹಗಲಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ, ಬೆಳಕಿನ ಗುಂಡಿಯನ್ನು ತುದಿಗೆ ಏರಿಸಿ ತೋರಿಸಿದ. ಬಿಳಿಯ ಪಂಚೆ ಬೂದಿಯ ಬಣ್ಣಕ್ಕಿತ್ತು, ಆಕಾಶ ಕೆಸರಿನಂತಿತ್ತು. ದಿನವೂ ನೋಡುವವರ ಕಣ್ಣಿಗೆ ಅದು ತಿಳಿಯದಷ್ಟು ನಿಧಾನವಾಗಿ ಮಸುಕಾಗಿತ್ತು. ಹೊಸದೊಂದು ತೆಳ್ಳನೆಯ ಟೀವಿ ತರೋಣವೆಂದು ಮಗ, ಇದನ್ನು ಗುಜರಿಗೆ ಹಾಕೋಣವೆಂದು ಸೊಸೆ. ತಾಯಿ ಒಳಗಿನಿಂದಲೇ ಬೇಡವೆಂದರು. ಅವರು ತಂದದ್ದು, ನಾನು ಇರೋತನಕ ಇರಲಿ ಎಂದರು.

ನಾವು ಹಗರಿಬೊಮ್ಮನಹಳ್ಳಿಯ ಒಬ್ಬ ರಿಪೇರಿಯವರನ್ನು ಬಲ್ಲೆವು. ಅಲ್ಲಿನ ನಮ್ಮ ಪ್ರವಚನಗಳಿಗೆ ಧ್ವನಿವರ್ಧಕ ಕಟ್ಟುವವರು ಅವರೇ. ಐಟಿಐ ಮುಗಿಸಿ ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಕೆಲಸ ಮಾಡಿ ಊರಿಗೆ ಮರಳಿದ ಐವತ್ತರ ಪ್ರಾಯದವರು, ಮಿತಭಾಷಿ. ಫೋನಿನಲ್ಲಿ ಎಲ್ಲವನ್ನೂ ಕೇಳಿಕೊಂಡು, “ಇಂದು ರಾತ್ರಿಯೇ ವಯರ್ ಕಿತ್ತಿಡಿರಿ, ಯಾರೂ ಮುಟ್ಟಬ್ಯಾಡ್ರಿ, ನಾಳೆ ಬರ್ತೀನಿ” ಎಂದರು.

ಅವರು ಬಿಚ್ಚುವುದನ್ನು ನೋಡುತ್ತ, ನಡುನಡುವೆ ಕೇಳುತ್ತ ನಾವು ತಿಳಿದುಕೊಂಡದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಹಳೆಯ ಮನೆಗಳಲ್ಲಿ, ವಸತಿಗೃಹಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಇಂಥ ಯಂತ್ರಗಳು ಇನ್ನೂ ಅಲ್ಲಲ್ಲಿ ಉಳಿದಿರುವುದುಂಟು.

ಸಾಮಾನ್ಯ ಹಳೆಯ ಟೀವಿಯಲ್ಲಿ ನಾವು ನೋಡುತ್ತಿದ್ದುದು ಪಿಕ್ಚರ್ ಟ್ಯೂಬಿನ ಮುಖವನ್ನೇ. ಈ ಬಗೆಯ ಟೀವಿಯಲ್ಲಿ ಹಾಗಲ್ಲ. ಪೆಟ್ಟಿಗೆಯ ತಳದಲ್ಲಿ ಮೂರು ಚಿಕ್ಕ ಟ್ಯೂಬುಗಳು ಸಾಲಾಗಿರುತ್ತವೆ. ಒಂದು ಕೆಂಪನ್ನು, ಒಂದು ಹಸಿರನ್ನು, ಒಂದು ನೀಲಿಯನ್ನು ಮಾತ್ರ ಉಗುಳುತ್ತದೆ. ಪ್ರತಿಯೊಂದರ ಮುಂದೆಯೂ ದಪ್ಪ ಮಸೂರಗಳು. ಆ ಮೂರು ಬೆಳಕುಗಳೂ ಪೆಟ್ಟಿಗೆಯ ಹಿಂಬದಿಯ ದೊಡ್ಡ ಕನ್ನಡಿಗೆ ಹೊಡೆದು, ತಿರುಗಿ, ಮುಂದಿನ ತೆರೆಯ ಮೇಲೆ ಹಿಂದುಗಡೆಯಿಂದ ಬೀಳುತ್ತವೆ. ಮೂರೂ ಒಂದರ ಮೇಲೊಂದು ಸರಿಯಾಗಿ ಕುಳಿತಾಗ ಚಿತ್ರ. ನಾವು ನೋಡುವುದು ತೆರೆಯನ್ನು ತೂರಿಬಂದ ಬೆಳಕನ್ನು.

ನಮ್ಮ ಸೀಮೆಯವರಿಗೆ ಇದು ಹೊಸತೇನಲ್ಲ. ತೊಗಲುಗೊಂಬೆಯಾಟವನ್ನು ನೋಡಿದವರು ಒಮ್ಮೆ ನೆನೆಸಿಕೊಳ್ಳಿರಿ. ಬಿಳಿಯ ಪರದೆ, ಅದರ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಬಣ್ಣ ಬಳಿದ ತೆಳುವಾದ ತೊಗಲು. ನೋಡುವವರು ಪರದೆಯ ಈಚೆ, ಬೆಳಕು ಆಚೆ. 2023ರಲ್ಲಿ ನಮ್ಮನ್ನಗಲಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಗೊಂಬೆಗಳಿಂದ ರಾಮಾಯಣವನ್ನಷ್ಟೇ ಅಲ್ಲದೆ ಸ್ವಾತಂತ್ರ್ಯದ ಹೋರಾಟವನ್ನೂ ಗಾಂಧೀಜಿಯವರ ಬದುಕನ್ನೂ ಆಡಿಸಿ ತೋರಿಸಿದವರು. ಆ ಆಟದಲ್ಲಿ ಚಿತ್ರ ಮಸುಕಾದರೆ ಭಾಗವತರು ಗೊಂಬೆಯನ್ನು ದೂರುವುದಿಲ್ಲ. ದೀಪದ ಬತ್ತಿ ನೋಡುತ್ತಾರೆ, ಪರದೆ ಕೊಳೆಯಾಗಿದೆಯೋ ನೋಡುತ್ತಾರೆ.

ಟೂರಿಂಗ್ ಟಾಕೀಸಿನಲ್ಲಿಯೂ ಹೀಗೆಯೇ. ನಾವು ಪಾಠಶಾಲೆಯಲ್ಲಿದ್ದಾಗ ಗುರುಗಳ ಅನುಮತಿ ಪಡೆದು ನೋಡಿದ್ದು ಒಂದೇ ಚಿತ್ರ, 1959ರ ‘ಜಗಜ್ಯೋತಿ ಬಸವೇಶ್ವರ’. ಅದು ನಮ್ಮ ಡೇರೆಗೆ ಬರುವ ಹೊತ್ತಿಗೆ ತೆರೆಕಂಡು ಹತ್ತು ವರ್ಷದ ಮೇಲಾಗಿತ್ತು. ಅನುಮತಿಯಿಲ್ಲದೆ ನೋಡಿದ ಚಿತ್ರಗಳ ಲೆಕ್ಕ ಇಲ್ಲಿ ಬೇಡ. ಆ ಯಂತ್ರದಲ್ಲಿ ಎರಡು ಇದ್ದಿಲು ಕಡ್ಡಿಗಳ ತುದಿಗಳ ನಡುವೆ ಬೆಳಕು ಹೊತ್ತಿಕೊಳ್ಳುತ್ತಿತ್ತು. ಕಡ್ಡಿಗಳು ಸವೆದಂತೆ ನಡುವಣ ಅಂತರ ಹೆಚ್ಚಿ, ತೆರೆಯ ಮೇಲಿನ ಬೆಳಕು ಕೆಂಪಗಾಗಿ ಕುಗ್ಗುತ್ತಿತ್ತು. ಡೇರೆಯೊಳಗೆ ಸಿಳ್ಳು ಏಳುತ್ತಿತ್ತು. ಆಪರೇಟರು ಗುಬುಟನ್ನು ತಿರುಗಿಸಿ ಕಡ್ಡಿಗಳನ್ನು ಹತ್ತಿರ ತಂದೊಡನೆ ಮತ್ತೆ ಹಗಲಾಗುತ್ತಿತ್ತು. ಅವನು ದಿನದ ಆಟಕ್ಕೆ ಮೊದಲು ಕಡ್ಡಿಗಳ ಹಿಂದಿನ ಕನ್ನಡಿಗೆ ಹಿಡಿದ ಮಸಿಯನ್ನು ಒರೆಸುವುದನ್ನೂ ನಾವು ಡೇರೆಯ ಸಂದಿನಿಂದ ನೋಡಿದ್ದುಂಟು. ಇಷ್ಟೆಲ್ಲ ನೋಡಿದ್ದವರಿಗೆ ಕೂಡ್ಲಿಗಿಯ ಪಡಸಾಲೆಯಲ್ಲಿ ಅದು ಹೊಳೆಯಲಿಲ್ಲವೆಂಬುದೇ ಸೋಜಿಗ.

ಬಿಚ್ಚಿದ ಪೆಟ್ಟಿಗೆಯೊಳಗೆ ರಿಪೇರಿಯವರು ಬ್ಯಾಟರಿ ಹಿಡಿದು ನಮ್ಮನ್ನು ಕರೆದು ತೋರಿಸಿದರು. ಕನ್ನಡಿಯೂ ಮಸೂರಗಳೂ ಇದ್ದುವೆಂಬುದನ್ನು ಊಹಿಸಬೇಕಾಗಿತ್ತು. ಮೂಲೆಗಳಲ್ಲಿ ಗಟ್ಟಿಯಾಗಿ ಕುಳಿತ ಧೂಳು ಎರಡು ಪದರವಾಗಿತ್ತು. ಮೇಲೆ ಬೂದುಬಣ್ಣ, ಕೆರೆದರೆ ಕೆಳಗೆ ಕುಂಕುಮದಂಥ ಕೆಂಪು. “ಇದು ಗಣಿ ಕಾಲದ್ದು ಸ್ವಾಮ್ಯೋರೆ” ಎಂದರು. ಹೌದು. ಸೊಂಡೂರು ಹೊಸಪೇಟೆ ಕಡೆಯ ಅದಿರಿನ ಲಾರಿಗಳು ಹಗಲಿರುಳೆನ್ನದೆ ಕೂಡ್ಲಿಗಿಯ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆಗೆ ಸಾಗುತ್ತಿದ್ದ ಕಾಲವದು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಮೇಲೆ ರಸ್ತೆಯ ಬದಿಯ ಮರಗಳು ಮಳೆಗೆ ತೊಳೆದು ಹಸಿರಾದವು. ಟೀವಿಯ ಹೊಟ್ಟೆಯೊಳಗೆ ಮಳೆ ಬರುವುದಿಲ್ಲವಷ್ಟೆ. ಅದರ ಮೇಲಿನ ಬೂದುಬಣ್ಣದಲ್ಲಿ ನಮ್ಮ ಪಾಲೂ ಇತ್ತು: ಪೂಜಾಗೃಹ ಪಕ್ಕದಲ್ಲೇ, ಧೂಪದ ಹೊಗೆ, ವಿಭೂತಿಯ ಪುಡಿ; ಆಚೆಗೆ ಅಡುಗೆಮನೆ, ಮಿರ್ಚಿ ಕರಿದ ಎಣ್ಣೆಯ ಆವಿ. ಎಣ್ಣೆಯ ಪೊರೆಯ ಮೇಲೆ ಧೂಳು ಕುಳಿತರೆ ಊದಿದರೆ ಹೋಗುವುದಿಲ್ಲ.

ತಾಯಿ ಬಂದು ಇಣುಕಿ ನೋಡಿದರು. ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ.

“ಕಂದೀಲ ಬುರುಡಿಗೆ ಮಸಿ ಹಿಡಿದಂಗ ಆಗೈತಿ. ಬೂದಿ ಹಚ್ಚಿ ತಿಕ್ಕಿದ್ರ ಆತು” ಎಂದು ಒಳಗೆ ಹೋಗಿ ಬಟ್ಟೆಯನ್ನೂ ಬೂದಿಯ ಡಬ್ಬಿಯನ್ನೂ ಹಿಡಿದುಕೊಂಡೇ ಬಂದರು. ರಿಪೇರಿಯವರು ಎರಡು ಕೈಗಳನ್ನೂ ಅಡ್ಡ ಹಿಡಿದರು. “ಅಮ್ಮಾ, ಇದಕ್ಕ ಬ್ಯಾಡ!”

ಕಾರಣವನ್ನು ಓದುಗರೂ ತಿಳಿಯಬೇಕು. ನಮ್ಮ ಮನೆಯ ಕನ್ನಡಿಗಳಲ್ಲಿ ಹೊಳೆಯುವ ಲೇಪ ಗಾಜಿನ ಹಿಂದೆ ಇರುತ್ತದೆ; ನಾವು ಒರೆಸುವುದು ಗಾಜನ್ನು. ಈ ಟೀವಿಗಳ ಕನ್ನಡಿಯಲ್ಲಿ ಲೇಪ ಮುಂದುಗಡೆಯೇ ಇರುತ್ತದೆ, ಬೆಳಕು ಎರಡು ಬಾರಿ ಗಾಜನ್ನು ದಾಟಿ ಚಿತ್ರ ಎರಡಾಗಬಾರದೆಂದು. ಬೂದಿಯಿರಲಿ, ಒರಟು ಬಟ್ಟೆಯಿಂದ ಒತ್ತಿ ಒರೆಸಿದರೂ ಆ ಲೇಪ ಗೀರಿ ಹೋಗುತ್ತದೆ, ಮತ್ತೆ ಬಾರದು. ಅವರು ಮೊದಲು ಮೆತ್ತನೆಯ ಬ್ರಷ್ಷಿನಿಂದ, ಗಾಳಿ ಊದುತ್ತ, ಮೇಲಿನ ಧೂಳನ್ನು ಇಳಿಸಿದರು. ಬಳಿಕ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೋಪಿನ ದ್ರವ ಬೆರೆಸಿ, ಹತ್ತಾರು ಸಲ ಒಗೆದು ಹೂವಿನಂತಾದ ಹಳೆಯ ಪಂಚೆಯ ತುಂಡಿನಿಂದ, ಭಾರ ಹಾಕದೆ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿದರು. ಪ್ರತಿ ಸಲಕ್ಕೂ ಬಟ್ಟೆಯ ಹೊಸ ಮಗ್ಗುಲು. ಕೊನೆಗೆ ಬರಿಯ ನೀರಿನಿಂದ ಒಮ್ಮೆ. ಮಸೂರಗಳಿಗೂ ಅದೇ ಉಪಚಾರ. ಕಿಟಕಿಗೆ ಹೊಡೆಯುವ ಘಾಟಿನ ದ್ರವಗಳನ್ನು ಅವರು ಹತ್ತಿರ ಸೇರಿಸಲಿಲ್ಲ. ತೆರೆಯ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳ ಸಾಲು ಇರುತ್ತದೆ, ಬೆಳಕನ್ನು ನಮ್ಮ ಕಡೆಗೆ ತಿರುಗಿಸಲು. ಅದನ್ನು ಬ್ರಷ್ಷಿನಿಂದ ಮಾತ್ರ ಮುಟ್ಟಿದರು.

ಇಷ್ಟಕ್ಕೆ ಮಧ್ಯಾಹ್ನವಾಯಿತು. ಹಚ್ಚಿದಾಗ ಬೆಳಕು ಹಿಂದಿನದಕ್ಕಿಂತ ಚೆನ್ನಾಗಿತ್ತು. ಆದರೆ ಎಲ್ಲರ ಮುಖವೂ ಮಾವಿನಹಣ್ಣಿನ ಹಾಗೆ ಕೆಂಪಡರಿತ್ತು, ಬೆಳ್ಳಗಿನ ವಸ್ತುಗಳ ಸುತ್ತ ಮಂಜು ಕವಿದಿತ್ತು. ರಿಪೇರಿಯವರು ತಲೆಯಾಡಿಸಿ ಮತ್ತೆ ಆರಿಸಿದರು. ಹಸಿರು ಟ್ಯೂಬಿನೊಳಗೆ ನೋಡಿ ಎಂದರು. ಅದರ ಮಸೂರದಾಚೆ ಮಜ್ಜಿಗೆಯ ತಿಳಿಯಂಥದು ಕಾಣಿಸಿತು.

ಈ ಟ್ಯೂಬುಗಳು ಬಹಳ ಕಾಯುತ್ತವೆ. ಅದಕ್ಕಾಗಿ ಟ್ಯೂಬಿನ ಮುಖಕ್ಕೂ ಮೊದಲ ಮಸೂರಕ್ಕೂ ನಡುವೆ ಒಂದು ದ್ರವವನ್ನು ತುಂಬಿಟ್ಟಿರುತ್ತಾರೆ. ಗ್ಲೈಕಾಲ್, ಗ್ಲಿಸರಿನ್‌ಗಳ ಮಿಶ್ರಣ. ವರ್ಷಗಳು ಕಳೆದಂತೆ ಅದು ಕದಡಿ ಮಬ್ಬಾಗುತ್ತದೆ, ಒಮ್ಮೊಮ್ಮೆ ಬೂಷ್ಟು ಹಿಡಿಯುವುದೂ ಉಂಟು. ನಮ್ಮ ಕಣ್ಣಿಗೆ ತೋರುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿರಿನದೇ ಆದುದರಿಂದ, ಹಸಿರಿನ ಟ್ಯೂಬು ಮಬ್ಬಾಯಿತೆಂದರೆ ಮನೆಯೇ ಮಬ್ಬಾದಂತೆ. ಗುಂಡಿಯನ್ನು ತುದಿಗೆ ಏರಿಸಿ ಇದನ್ನು ಸರಿದೂಗಿಸುವವರು ಟ್ಯೂಬನ್ನೇ ಬೇಗ ಸವೆಸುತ್ತಾರೆ. ಆಗ ವಾಹಿನಿಗಳ ಮೂಲೆಯ ಗುರುತು, ಕೆಳಗೆ ಓಡುವ ಸುದ್ದಿಪಟ್ಟಿ ಇವು ಟ್ಯೂಬಿನ ಮೈಮೇಲೆ ಬರೆ ಎಳೆದಂತೆ ಶಾಶ್ವತವಾಗಿ ಉಳಿದುಬಿಡುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುವುದು ನಮ್ಮ ಕರ್ತವ್ಯ. ಈ ಟ್ಯೂಬುಗಳಿಗೆ ಸುಮಾರು 30 ಸಾವಿರ ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ವಯರ್ ಕಿತ್ತ ಮೇಲೂ ಒಳಗೆ ಉಳಿದಿರಬಹುದು. ಮನೆಯವರು ಮಾಡಬಹುದಾದುದು ಹೊರಗಿನ ತೆರೆಯ ಧೂಳನ್ನು ಮೆತ್ತಗೆ ಒರೆಸುವುದು, ಬೆಳಕಿನ ಗುಂಡಿಯನ್ನು ಮಧ್ಯದಲ್ಲಿ ಇಡುವುದು ಇಷ್ಟೇ. ಪೆಟ್ಟಿಗೆ ಬಿಚ್ಚುವುದು ಬಲ್ಲವರ ಕೆಲಸ. ಇನ್ನು ಆ ದ್ರವ ರುಚಿಗೆ ಸಿಹಿಯಾದರೂ ವಿಷ. ಅಂದು ತೆಗೆದದ್ದನ್ನು ಸೊಸೆ ಅಂಗಳದ ಮೂಲೆಯಲ್ಲಿ ಚೆಲ್ಲಹೊರಟಿದ್ದರು. ರಿಪೇರಿಯವರು ತಡೆದು ಡಬ್ಬಿಯಲ್ಲಿ ಮುಚ್ಚಿ ತಾವೇ ಒಯ್ದರು. ನಾಯಿ, ಕರು, ಕೂಸುಗಳು ಇರುವ ಅಂಗಳವದು.

ಹೊಸ ದ್ರವವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕಾಗಿತ್ತು. ಅಷ್ಟರಲ್ಲಿ ನಮ್ಮ ಸವಾರಿ ಕೊಟ್ಟೂರು ಮುಗಿಸಿ ಹಡಗಲಿಗೆ ಹೋಯಿತು. ಮಲ್ಲಿಗೆಯ ಊರಿನಲ್ಲಿ ಟೀವಿಯ ಮಾತೆತ್ತಿದರೆ ನಕ್ಕಾರೆಂದು ಸುಮ್ಮನಿದ್ದೆವು. ಆದರೆ ಅಲ್ಲಿನ ನಮ್ಮ ಸಹಪಾಠಿಯೊಬ್ಬರ ಮನೆಯಲ್ಲಿಯೂ ಒಂದು ದೊಡ್ಡ ಟೀವಿ ಮಂಕಾಗಿಯೇ ಕುಳಿತಿತ್ತು! ಅದು ಇನ್ನೊಂದು ಜಾತಿ. ಟ್ಯೂಬಿಲ್ಲ, ಒಳಗೆ ಒಂದೇ ಪುಟ್ಟ ತೀಕ್ಷ್ಣ ದೀಪ. ಅಂಥದರಲ್ಲಿ ಕೆಲವು ಸಾವಿರ ಗಂಟೆ ಉರಿದ ಮೇಲೆ ದೀಪವೇ ಸೋಲುತ್ತದೆ, ಬದಲಾಯಿಸಿದರೆ ಹೊಸದಾದಂತೆ. ಆರಿಸಿ ಚೆನ್ನಾಗಿ ತಣ್ಣಗಾಗಲು ಬಿಟ್ಟು, ಗಾಜಿಗೆ ಬೆರಳು ತಾಗಿಸದೆ ಹಾಕಬೇಕು. ಒಳಗೆ ಪಾದರಸವಿರುವುದರಿಂದ ಹಳೆಯದನ್ನು ಒಡೆಯಬಾರದು. ಆದರೆ ದೀಪ ಸಿಗಬೇಕಲ್ಲ. ಈ ಬಗೆಯ ಟೀವಿಗಳನ್ನು ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಮಿತ್ಸುಬಿಷಿಯವರೂ 2012ರಲ್ಲಿ ನಿಲ್ಲಿಸಿದರು. ಸಹಪಾಠಿ ಎರಡು ತಿಂಗಳು ಅಲೆದು, ಸಿಕ್ಕ ದೀಪದ ಬೆಲೆಗೆ ಹೊಸ ಟೀವಿಯೇ ಬರುವುದೆಂದು ಲೆಕ್ಕ ಹಾಕಿ ಕೈಬಿಟ್ಟರು. ಅವರು ಮಾಡಿದ್ದೂ ತಪ್ಪಲ್ಲ.

ಹರಪನಹಳ್ಳಿಯಲ್ಲಿದ್ದಾಗ ರಿಪೇರಿಯವರು ನಮ್ಮನ್ನು ಹುಡುಕಿಕೊಂಡು ಬಂದರು. ಅಲ್ಲಿನ ಒಂದು ವಸತಿಗೃಹದ ಉಗ್ರಾಣದಲ್ಲಿ ಕೂಡ್ಲಿಗಿಯದರಂಥದೇ ಟೀವಿಯೊಂದು ಬಿದ್ದಿದೆಯೆಂದು ಯಾರೋ ಹೇಳಿದ್ದರಂತೆ. ಹಸಿರು ಟ್ಯೂಬು ಸಿಕ್ಕೀತೇನೋ ಎಂಬ ಆಸೆ. ಸಿಕ್ಕಿತು. ಆದರೆ ಅದರ ಮೇಲೆ ಕ್ರಿಕೆಟ್ಟಿನ ಅಂಕಪಟ್ಟಿಯ ಗುರುತು ಅಚ್ಚೊತ್ತಿಬಿಟ್ಟಿತ್ತು. ತೇರಿನ ಕೆಳಗೆ ಸದಾಕಾಲ ಓವರುಗಳ ಲೆಕ್ಕ ಕಾಣುವುದು ಬೇಡವೆಂದು ಬಿಟ್ಟುಬಂದರು. ಮಸೂರದ ಬಳಿಯ ರಬ್ಬರ್ ಬಳೆಯೊಂದು ಚೆನ್ನಾಗಿದ್ದುದರಿಂದ ಅದನ್ನು ಮಾತ್ರ ಕೇಳಿ ಪಡೆದರು. ಅದೇ ಮುಂದೆ ಕೆಲಸಕ್ಕೆ ಬಂತು. ಹಳೆಯ ಬಳೆ ಬಿಚ್ಚುವಾಗ ಹರಿದುಹೋಗಿತ್ತು, ದ್ರವ ಸೋರಿ ಕೆಳಗಿನ ಹಲಗೆಗಳ ಮೇಲೆ ಬಿದ್ದಿದ್ದರೆ ಬೆಂಕಿಯೇ ಹತ್ತಬಹುದಿತ್ತು.

ನಾವು ಕೂಡ್ಲಿಗಿಗೆ ಮರಳಿದ್ದು ಒಂದು ಭಾನುವಾರ. ಹಸಿರು ಟ್ಯೂಬಿನ ಹಳೆಯ ದ್ರವ ತೆಗೆದು, ಒಳಗಾಜು ತೊಳೆದು, ಗಾಳಿಯ ಗುಳ್ಳೆ ಉಳಿಯದಂತೆ ಹೊಸದನ್ನು ತುಂಬಿಯಾಗಿತ್ತು. ಹಚ್ಚಿದರೆ ಬೆಳಕೇನೋ ಬಂತು. ಆದರೆ ಟ್ಯೂಬು ಕೂದಲೆಳೆಯಷ್ಟು ಕದಲಿದ್ದರಿಂದ ಪ್ರತಿಯೊಂದು ಆಕಾರಕ್ಕೂ ಪಕ್ಕದಲ್ಲಿ ಒಂದು ಹಸಿರು ನೆರಳು. ಇದಕ್ಕೆ ತೆರೆಯ ಮೇಲೆ ಗೆರೆಗಳ ಬಲೆಯನ್ನು ಮೂಡಿಸಿ, ಮೂರು ಬಣ್ಣದ ಗೆರೆಗಳೂ ಒಂದಾಗಿ ಬಿಳಿಯಾಗುವವರೆಗೆ ರಿಮೋಟಿನಿಂದ ತಿದ್ದುತ್ತ ಹೋಗಬೇಕು. ಮೊಮ್ಮಗ ಆ ಕೆಲಸ ತನಗೆ ಬಿಡಿರೆಂದ. ನಡುವೆ ಸರಿಯಾದರೆ ಅಂಚಿನಲ್ಲಿ ತಪ್ಪುತ್ತಿತ್ತು, ಅಂಚು ಸರಿಯಾದರೆ ಮೂಲೆ. ರಾತ್ರಿ ಹನ್ನೊಂದರವರೆಗೆ ಕುಳಿತ. ಅಜ್ಜಿಯೂ ಮಲಗಲಿಲ್ಲ.

ಆಮೇಲೆ ಆ ಸೀಡಿಯನ್ನು ಹಾಕಿದರು. ಕೊಟ್ಟೂರಿನ ಮಾಘದ ಬಿಸಿಲು ಪಡಸಾಲೆಗೆ ಬಂದು ಬಿದ್ದಿತು. ತೇರಿನ ಬಣ್ಣದ ಪಟಗಳು, ಸಮಾಳದವರ ಕೆಂಪು ರುಮಾಲುಗಳು, ಮೇಲೆ ಹಾರುತ್ತಿರುವ ಬಾಳೆಹಣ್ಣುಗಳು ಒಂದೊಂದೂ ಕಂಡವು. ಹಿರಿಯರು ಬರುವ ಕ್ಷಣಕ್ಕೆ ಮೊಮ್ಮಗ ನಿಲ್ಲಿಸಿದ. ಸೊಸೆ ಸೆರಗು ಸರಿಮಾಡಿಕೊಂಡರು, ಮಾವನವರು ಎದುರಿಗೇ ಬಂದಂತೆ.

ತಾಯಿ ಬಹಳ ಹೊತ್ತು ನೋಡಿದರು. “ಚಂದ ಆತಪ್ಪ. ಮೊದಲಿಗಿಂತ ಚಂದ. ಆದ್ರೂ ಅವರ ಮುಖದ ಮ್ಯಾಲೆ ಇನ್ನಾ ಸ್ವಲ್ಪ ಹೊಗಿ ಐತಲ್ಲ?”

ನಮಗಾರಿಗೂ ಹೊಗೆ ಕಾಣಿಸಲಿಲ್ಲ. ರಿಪೇರಿಯವರು ತಮ್ಮ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತ, ತಲೆಯೆತ್ತದೆ ಹೇಳಿದರು: “ನನ್ನ ಕಡೆದು ಎಲ್ಲಾ ತೊಳದೀನಮ್ಮ. ಇನ್ನ ಉಳಿದಿದ್ದು ಕಣ್ಣಿನ ಡಾಕ್ಟರ್ ತೊಳೀಬೇಕು.”

ಅಲ್ಲಿಗೆ ನಮ್ಮ ಎರಡನೆಯ ತಪ್ಪೂ ಬಯಲಾಯಿತು. ತೆರೆ ಮಸುಕಾಗಿದ್ದುದೂ ನಿಜ, ಕಣ್ಣಿಗೆ ಪೊರೆ ಬಂದಿದ್ದುದೂ ನಿಜ, ಎರಡಕ್ಕೂ ಉಪಾಯವಿತ್ತು. ನಾವು ಎರಡನ್ನೂ ನೋಡದೆ ವೈರಾಗ್ಯದ ಮಾತು ಹೇಳಿ ಆ ತಾಯಿಯನ್ನು ಕತ್ತಲಲ್ಲಿ ಕೂರಿಸಿದ್ದೆವು. ಮರುದಿನ ಪೂಜೆಯಾದ ಮೇಲೆ ಅವರ ಬಳಿ ಹೋಗಿ, ಅಂದು ಆಡಿದ ಮಾತು ತಪ್ಪೆಂದು ಹೇಳಿದೆವು. ಅವರಿಗೆ ಆ ಮಾತು ನೆನಪಿದ್ದಂತೆ ತೋರಲಿಲ್ಲ. ಅಥವಾ ನೆನಪಿಲ್ಲವೆಂದು ನಟಿಸಿದರೋ ತಿಳಿಯದು. “ನೀವು ಹೇಳಿದ್ದು ಒಳ್ಳೇದೇ ಇರ್ತೈತಿ ಬಿಡ್ರಿ” ಎಂದರು. ಅದು ನಮ್ಮನ್ನು ಇನ್ನಷ್ಟು ಕುಗ್ಗಿಸಿತು.

ದಾವಣಗೆರೆಯಲ್ಲಿ ಬಲಗಣ್ಣಿನ ಪೊರೆಯನ್ನು ಮೊದಲು ತೆಗೆದರು. ಎಡಗಣ್ಣಿಗೆ ಮುಂದಿನ ತಿಂಗಳು ಬರಹೇಳಿದ್ದರು. ಕಣ್ಣಿನ ಕಟ್ಟು ಬಿಚ್ಚಿ ಮನೆಗೆ ಬಂದ ಕೆಲವು ದಿನಗಳಲ್ಲಿ ನಮಗೆ ಮೊಮ್ಮಗನ ಫೋನು ಬಂತು. ಅಜ್ಜಿ ರಿಪೇರಿಯವರನ್ನು ಮತ್ತೆ ಕರೆಸಲು ಹಟ ಹಿಡಿದಿದ್ದಾರೆ, ಟೀವಿಯಲ್ಲಿ ನೀಲಿ ವಿಪರೀತವಾಗಿದೆಯಂತೆ, ನಾವು ನೋಡಿದರೆ ಸರಿಯಾಗಿಯೇ ಇದೆ ಎಂದ.

ಆ ಪುಣ್ಯಾತ್ಮರು ಹಗರಿಬೊಮ್ಮನಹಳ್ಳಿಯಿಂದ ಮತ್ತೆ ಬಂದರು. ನಾವೂ ಕುತೂಹಲಕ್ಕೆ ಹೋಗಿದ್ದೆವು. ಅವರು ಟೀವಿಯನ್ನು ಮುಟ್ಟಲೇ ಇಲ್ಲ. “ಅಮ್ಮಾ, ಬಲಗಣ್ಣು ಮುಚ್ಚಿ ನೋಡ್ರಿ” ಎಂದರು. ಮುಚ್ಚಿದರು. ಎಲ್ಲ ಹಳದಿ ಎಂದರು. “ಈಗ ಎಡಗಣ್ಣು ಮುಚ್ರಿ.” ಮುಚ್ಚಿದರು. ಆಕಾಶ ನೀಲಿ ಎಂದರು. ಪೊರೆ ಬಂದ ಕಣ್ಣು ವರ್ಷಗಟ್ಟಲೆ ನೀಲಿಯನ್ನು ತಡೆದು ಹಳದಿಯ ಗಾಜಿನಂತೆ ಆಗಿರುತ್ತದೆ. ಅದು ಹೋದೊಡನೆ ಮರೆತಿದ್ದ ನೀಲಿಯೆಲ್ಲ ಒಮ್ಮೆಗೇ ನುಗ್ಗುತ್ತದೆ. ಇದನ್ನು ಕಣ್ಣಿನ ವೈದ್ಯರು ಬಲ್ಲರು. ಟೀವಿಯವರೊಬ್ಬರು ಬಲ್ಲರೆಂಬುದು ನಮಗೆ ಅಂದು ತಿಳಿಯಿತು.

ತಾಯಿ ಒಂದಾದ ಮೇಲೊಂದು ಕಣ್ಣು ಮುಚ್ಚಿ ತೆಗೆದು ಆಟವಾಡುವ ಮಗುವಿನಂತೆ ನೋಡಿದರು. ಆಮೇಲೆ ಸೀಡಿ ಹಾಕೆಂದರು. ತೇರು ಕದಲಿತು, ಹಿರಿಯರು ಬಂದರು, ಮೊಮ್ಮಗ ನಿಲ್ಲಿಸಿದ. ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ತಾಯಿ ತೆರೆಯ ಹತ್ತಿರಕ್ಕೆ ಸರಿದರು.

“ಅಯ್ಯ ಶಿವನೆ. ಅವತ್ತು ಪಂಚೆಗೆ ನೀಲಿ ಜಾಸ್ತಿ ಹಾಕಿದ್ದೆ. ಅವರು ಬೈದಿದ್ರು, ನಾನು ಇಲ್ಲ ಅಂದಿದ್ದೆ. ನೋಡ್ರಿ, ಖರೇನ ಜಾಸ್ತಿ ಆಗೈತಿ.”